ಒತ್ತೆಯಿಟ್ಟ ಪಾನಾ

ಗೋಚಾ ಬಂದದ್ದು ಒಂದೇ ಸಲ, ಮಾರ್ಚಿ ಮೂರಕ್ಕೆ.
ಬಚ್ಚಲ ಗೋಡೆಗೆ ಕಿವಿಯಿಟ್ಟು ಆಲಿಸಿದ,
ಕೈಬಿಟ್ಟ ಕೇಸು ಎಂಬಂತೆ ತಲೆಯಾಡಿಸಿದ,
ಆರು ಟೈಲು ಒಡೆದು ಒಳಗಿನ ಪೈಪು ತೋರಿಸಿ
"ಯಾವ ಕತ್ತೆ ಹಾಕಿದ್ದು ಇದನ್ನ?" ಅಂದ.
(ಹಾಕಿದ್ದು ಅವನಪ್ಪನೇ. ನಾನು ಹೇಳಲಿಲ್ಲ.)
ಮುಂಗಡ ಎಣಿಸಿಕೊಂಡ.
"ಪಾನಾ ಇಲ್ಲೇ ಇರಲಿ, ಎತೆರಿ ಅಕ್ಕ,
ನಾಳೆ ಹತ್ತಕ್ಕೆ ಬಂದೆ ಅಂತಲೇ ಇಟ್ಟುಕೊಳ್ಳಿ."

ಇಟ್ಟುಕೊಂಡೆ.

ಇಪ್ಪತ್ತೆರಡು ವರ್ಷ ಟ್ರಾಮ್ ಓಡಿಸಿದವಳು ನಾನು
ತ್ಬಿಲಿಸಿಯ ಏರಿನಲ್ಲಿ, ಇಳಿಜಾರಿನಲ್ಲಿ.
ನನಗೆ ಹತ್ತು ಅಂದರೆ ಹತ್ತು.
ಮದುವಣಗಿತ್ತಿಯೊಬ್ಬಳು ಲಂಗ ಎತ್ತಿಕೊಂಡು ಓಡಿ ಬರುತ್ತಿದ್ದಾಗಲೂ
ಹತ್ತು ಹದಿನಾಲ್ಕಕ್ಕೆ ಗಂಟೆ ಬಾರಿಸಿ ಹೊರಟವಳು.
ಹಳಿ ಕಿತ್ತ ದಿನವೂ
ಹೊತ್ತಿಗೆ ಸರಿಯಾಗಿ ಹೋಗಿ ನಿಂತು ನೋಡಿದೆ.

ಗೋಚಾನ ಹತ್ತು ಬೇರೆ ಕುಲದ್ದು.
ಅದು ಹೊರಟಿದೆ, ದಾರಿಯಲ್ಲಿದೆ, ಸೇತುವೆ ದಾಟುತ್ತಿದೆ,
ಟೈರು ಪಂಕ್ಚರು, ಅತ್ತಿಗೆಗೆ ಹೆರಿಗೆ,
ಒಂದೇ ತಿಂಗಳಲ್ಲಿ ಇಬ್ಬರು ಅಜ್ಜಂದಿರು ತೀರಿಕೊಂಡರು,
ಇಬ್ಬರೂ ತಂದೆಯ ತಂದೆಯರು.

ಕೆಳಮನೆಯ ನುಗ್ಜಾರ್ ಪೊರಕೆಕೋಲಿನಿಂದ ಸೂರು ಕುಟ್ಟುತ್ತಾನೆ.
ನನ್ನ ನೀರು ಅವನ ಸೂರಿನ ಮೇಲೆ
ಕಂದು ಚಿತ್ತಾರ ಬಿಡಿಸುತ್ತಿದೆಯಂತೆ.
"ಮೊನ್ನೆ ಮೊಲ, ಇವತ್ತು ಎಮ್ಮೆ.
ನಾಳೆ ಏನೋ?"
ನಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ
ಮೈಯೆಲ್ಲ ಉರಿಯಿತು.

ನಲವತ್ತೊಂದನೆಯ ದಿನ
ಎಲಿಯಾವಾ ಸಂತೆಗೆ ಹೋದೆ.
ಅರ್ಧ ಇಂಚಿನ ಎಲ್ಬೋ, ಒಂದು ಹಿಡಿ ನಾರು, ಡಬ್ಬಿ ಪೇಸ್ಟು.
"ಮನೆಯಲ್ಲಿ ಗಂಡಸರಿಲ್ಲವೇ?" ಅಂದ ಅಂಗಡಿಯವ.
"ಒಬ್ಬನಿದ್ದಾನೆ. ನಲವತ್ತೊಂದು ದಿನದಿಂದ
ಸೇತುವೆ ದಾಟುತ್ತಿದ್ದಾನೆ."

ನೆಲಮಾಳಿಗೆಯ ವಾಲ್ವು ತಿರುಗಿಸಿ
ಮೆಟ್ಟಿಲ ಬುಡದಿಂದ ಕೂಗು ಹಾಕಿದೆ: ನೀರಿಲ್ಲ! ನೀರಿಲ್ಲ!
ನಾಲ್ಕು ಮನೆಯ ಬಕೆಟ್ಟುಗಳು ಬೈದುಕೊಂಡವು.
ಮೊದಲ ಸಲ ನಾರು ಸುತ್ತಿದ್ದು ತಿರುಗುಮುರುಗು;
ಬಿಗಿದಂತೆಲ್ಲ ಜಡೆ ಬಿಚ್ಚಿದ ಹಾಗೆ ಹೊರಬಂತು,
ಹಿಂದೆಯೇ ಮುಖದ ತುಂಬ ನೀರು.
ಎರಡನೆಯ ಸಲ ರೋಷಕ್ಕೆ ಬಿಗಿದೆ. ಎಲ್ಬೋ ಸೀಳಿತು.
ಮತ್ತೆ ಸಂತೆ. ಅಂಗಡಿಯವ ಈ ಸಲ ಏನೂ ಕೇಳಲಿಲ್ಲ.

ಆಮೇಲೆ, ಬುದ್ಧಿ ಬಂದು,
ಬುಟ್ಟಿಗೆ ಎಸೆದ ಹಳೇ ತುಂಡನ್ನು ಎತ್ತಿ ನೋಡಿದೆ.
ತುಕ್ಕು ತಿಂದದ್ದು ಕಬ್ಬಿಣವನ್ನು.
ಅದರ ಕೊರಳಿಗೆ ಅವನಪ್ಪ ಸುತ್ತಿದ ನಾರು
ಮೂವತ್ತೈದು ವರ್ಷವಾದರೂ ಅಲುಗಿರಲಿಲ್ಲ:
ತಿರುಪಿನ ದಿಕ್ಕಿಗೆ, ಎಳೆಯ ಮೇಲೆ ಎಳೆ,
ಅವಸರವೇ ಗೊತ್ತಿಲ್ಲದ ಬೆರಳು.
ನೋಡಿ ನೋಡಿ ಹಾಗೇ ಸುತ್ತಿದೆ.
ರಾತ್ರಿ ಎರಡಕ್ಕೆ ನೀರು ಬಿಟ್ಟು
ಕೆಳಗೊಂದು ಹಳೇ ಟ್ರಾಮ್ ಟಿಕೆಟ್ಟು ಇಟ್ಟು ಮಲಗಿದೆ.
ಬೆಳಿಗ್ಗೆ ಟಿಕೆಟ್ಟು ಒಣಗಿಯೇ ಇತ್ತು.

ಟೈಲುಗಳನ್ನೂ ನಾನೇ ಅಂಟಿಸಿದೆ.
ಒಂದರ ಹೂವು ತಲೆಕೆಳಗು.
ಯಾರಿಗೂ ಕಾಣುವುದಿಲ್ಲ ಅನ್ನುತ್ತಾರೆ.
ನನಗೆ ಅದೊಂದೇ ಕಾಣುವುದು.

ಮೇ ತಿಂಗಳಲ್ಲಿ ಗೋಚಾ ಬಂದ.
ಸರಿಯಾಗಿ ಹತ್ತಕ್ಕೆ! ಬರಿಗೈಯಲ್ಲಿ.
ಬಾಗಿಲ ಚೌಕಟ್ಟು ಸವರುತ್ತ
"ಪಾನಾ ಬೇಕಿತ್ತು, ಅಕ್ಕ. ನಮ್ಮನೆ ನಲ್ಲಿ ಸೋರುತ್ತಿದೆ,
ಹೆಂಡತಿ ತಲೆ ತಿನ್ನುತ್ತಾಳೆ."
"ಯಾವಾಗಿನಿಂದ?"
ಅವನು ಪಾಪೋಸು ನೋಡಿದ.

"ನಾಳೆ ಬಾ," ಅಂದೆ.

ನಕ್ಕ. ನಾನು ನಗಲಿಲ್ಲ. ಇಳಿದು ಹೋದ.
ಅಪ್ಪನ ವಿಷಯ ಬಾಯಿಯವರೆಗೆ ಬಂದಿತ್ತು;
ನಾಳೆ ಬಂದರೆ ಆ ತುಂಡನ್ನೇ ಕೈಗೆ ಕೊಡುತ್ತೇನೆ.
ಇವತ್ತು ಪಾನಾ ನನಗೇ ಬೇಕು.
ನುಗ್ಜಾರನ ಅಡುಗೆಮನೆಗೆ ಹತ್ತೂಕಾಲಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ.
ಗಂಟೆ ಹತ್ತು ಹನ್ನೊಂದು.
ಚಪ್ಪಲಿ ಎಲ್ಲಿ?