ಮೂರನೇ ಫಾರಂ

ತಪ್ಪು ನನ್ನದೇ.
ಬಂಬೂ ಬಜಾರಿನ ಪ್ರೆಸ್ಸಿನಲ್ಲಿ ಉದ್ದ ಮೇಜಿನ ಸುತ್ತ
ದಿನವಿಡೀ ಸುತ್ತುತ್ತೇವೆ ನಾವು ನಾಲ್ವರು ಹೆಂಗಸರು,
ಒಂದನೇ ಫಾರಮಿನ ಮೇಲೆ ಎರಡು, ಎರಡರ ಮೇಲೆ ಮೂರು.
ಬೆರಳಿಗೆ ಎಣಿಕೆ ಗೊತ್ತು, ತಲೆ ಬೇಕಿಲ್ಲ.
ಅವತ್ತು ಮಾದೇಶನಿಗೆ ನೂರಾಮೂರು ಜ್ವರ.
ಬೆರಳೂ ಮನೆಗೆ ಹೋಗಿಬಿಟ್ಟಿತ್ತು.

ಹನ್ನೊಂದು ಪ್ರತಿ ಕೆಟ್ಟವು.
ಶನಿವಾರದ ಬಟವಾಡೆಯಲ್ಲಿ ಹಿಡಿದುಕೊಂಡರು ಮೇಸ್ತ್ರಿ.
ಹಿಡಿದುಕೊಂಡ ಮೇಲೆ ಪುಸ್ತಕ ನನ್ನದೇ ಅಲ್ಲವೇ
ಅಂತ ಒಂದನ್ನು ಟಿಫನ್ ಬ್ಯಾಗಿಗೆ ಇಳಿಸಿದೆ.
ಅವರು ನೋಡಿದರು. ನೋಡದವರ ಹಾಗೆ ಕನ್ನಡಕ ಒರೆಸಿಕೊಂಡರು.

ಹೀಗೆ ಕ್ಯಾತಮಾರನಹಳ್ಳಿಯ ನಮ್ಮ ಒಂದೂವರೆ ಕೋಣೆಗೆ
ಋತುಗಳು ಬಂದವು, ಆರರಲ್ಲಿ ನಾಲ್ಕು;
ಕೊನೆಯೆರಡು ಇರಬೇಕಾದ ಜಾಗದಲ್ಲಿ
ಮತ್ತೆ ಅದೇ ಮಳೆ, ಅದೇ ಬೆಳ್ದಿಂಗಳು.

ರಾತ್ರಿ ಪಾತ್ರೆ ಬೋರಲು ಹಾಕಿ ಬರುವಷ್ಟರಲ್ಲಿ
ಚಾಪೆಯ ಮೇಲೆ ಇಬ್ಬರೂ ತಯಾರು.
ಓದುವವಳು ಹೊನ್ನಿ, ಎರಡನೇ ಕ್ಲಾಸು.
ಗ್ರೀಷ್ಮ ಬಂದಾಗ ನಾಲಿಗೆ ತೊಡರಿ
"ಬ್ಯಾಸ್ಗೆ" ಅಂತ ದಾಟಿಬಿಡುತ್ತಾಳೆ.
ಮಾದೇಶನಿಗೆ ಅಕ್ಷರ ಬೇಡ. ಅವನದು ಇರುವೆ.
ಚಿತ್ರ ಬರೆದವರು ಯಾರೋ ಪುಣ್ಯಾತ್ಮರು,
ಋತುವಿಗೊಂದು ಸಲ ಎಲ್ಲೋ ಮೂಲೆಯಲ್ಲಿ ಅಡಗಿಸಿಟ್ಟಿದ್ದಾರೆ:
ವಸಂತದಲ್ಲಿ ಬೇವಿನ ಹೂವಿನ ಕೆಳಗೆ,
ಬೇಸಿಗೆಯಲ್ಲಿ ಮಡಕೆಯ ಕಂಠದ ಮೇಲೆ,
ಮಳೆಯಲ್ಲಿ ಹುಣಸೆ ಎಲೆಯೊಂದನ್ನು ತಲೆಗೆ ಹಿಡಿದು,
ಎಲೆ ಸಾಲದೆ ಹಿಂಭಾಗವೆಲ್ಲ ನೆನೆದು.
ಆಮೇಲೆ ಚಂದ್ರ, ತಿಳಿನೀರು, ಬಿಳಿ ಹುಲ್ಲುಹೂ.
ಪುಟ ತಿರುವಿದರೆ ಮತ್ತೆ ಮಳೆ.
"ಅಯ್ಯೋ," ಅಂದ ಮಾದೇಶ ಮೊದಲ ದಿನ,
"ಇನ್ನೂ ಒಣಗೇ ಇರ್ಲಿಲ್ವಲ್ಲವ್ವ ಅದು."

ತಪ್ಪಾಗಿದೆ ಅನ್ನಲು ಬಾಯಿ ತೆರೆದೆ.
ಹೊನ್ನಿ ಆಗಲೇ ಓದತೊಡಗಿದ್ದಳು,
ಎರಡನೇ ಮಳೆಗೆ ಬೇರೆಯೇ ದನಿ ತೆಗೆದು, ಮೆಲ್ಲಗೆ,
ವಠಾರವೆಲ್ಲ ಮಲಗಿದ ಮೇಲೆ ಬರುವ ಮಳೆಯ ಹಾಗೆ.

ದೀಪಾವಳಿ ಕಳೆದು ಹತ್ತು ದಿನಕ್ಕೆ
ನಿಜಕ್ಕೂ ಹುಯ್ಯಿತು. ಮೂರು ಹಗಲು ಮೂರು ರಾತ್ರಿ
ಬೆಟ್ಟ ಕಾಣಲಿಲ್ಲ, ತಂತಿಯ ಮೇಲಿನ ಯೂನಿಫಾರಂ ಒಣಗಲಿಲ್ಲ.
"ಇದೇನಪ್ಪ ಅಕಾಲದ ಮಳೆ" ಅಂದರಂತೆ ಟೀಚರು.
ಹೊನ್ನಿ ಎದ್ದು ನಿಂತು,
"ಇಲ್ಲ ಮಿಸ್, ಎರಡನೇದು. ನಮ್ಮನೆ ಪುಸ್ತಕದಲ್ಲಿ ಐತೆ."

ಆದರೆ ಡಿಸೆಂಬರ್ ಸುಮ್ಮನಿರಬೇಕಲ್ಲ.
ಬೆಳಗ್ಗೆ ನಲ್ಲಿಯ ಮುಂದೆ ಕೊಡ ಹಿಡಿದವರ ಬಾಯಲ್ಲಿ ಹೊಗೆ,
ತಳ್ಳುಗಾಡಿಯಲ್ಲಿ ಸೊಗಡವರೆಯ ರಾಶಿ,
ಹಿತುಕಿ ಹಿತುಕಿ ನನ್ನ ಉಗುರಿನ ಸಂದಿಯೆಲ್ಲ ಹಸಿರು.
"ಇದು ಯಾವ ಪುಟ?" ಅಂದ ಮಾದೇಶ.
"ಇರುವೆ ಈಗ ಎಲ್ಲೈತೆ?"

ಮಷಿನಿನ ರಹಮತ್ತಣ್ಣನ ಹತ್ತಿರ ಕೇಳಿ ತಂದೆ
ಮೂರನೇ ಫಾರಮಿನ ವೇಸ್ಟು ಶೀಟು, ಮಡಚದ್ದು.
ನೀಲಿ ಒಂದು ಕೂದಲೆಳೆ ಜರುಗಿ
ಪ್ರತಿ ಮರದ ಪಕ್ಕದಲ್ಲೂ ಒಂದು ಮಂಜಿನ ಮರ.
ಚಾಪೆಯ ತುಂಬ ಹರಡಿದೆ.
ಹದಿನೇಳರ ಪಕ್ಕ ಇಪ್ಪತ್ನಾಲ್ಕು,
ಇಪ್ಪತ್ತೂ ಇಪ್ಪತ್ತೊಂದೂ ತಲೆಕೆಳಗು.
ಇರಿ, ಎರಡೇ ಮಡಿಕೆ, ಸರಿಹೋಗುತ್ತದೆ ಅನ್ನುವಷ್ಟರಲ್ಲಿ
ಅವಳು ಈ ಬದಿ ಬೋರಲು ಮಲಗಿದ್ದಳು, ಅವನು ಆ ಬದಿ.
ಅವಳಿಗೆ ಚಳಿಯ ಮೊದಲೂ ಕೊನೆಯೂ,
ಅವನಿಗೆ ನಡುವಿನದು,
ಎರಡು ತಲೆ ಢಿಕ್ಕಿ ಹೊಡೆಯುವಲ್ಲಿ ಹೊಲದ ಬದು.

"ಸಿಕ್ತು!"
ಬಾಯಿ ಬಿಚ್ಚಿದ ಅವರೆ ಸಿಪ್ಪೆಯೊಳಗೆ, ಕಾಲು ಮುದುರಿ.
ಹೊನ್ನಿ ಬೆರಳು ಚಾಚಿದಳು. ಅವನು ಕೈ ಅಡ್ಡ ಹಿಡಿದ.
"ಮುಟ್ಬೇಡ ಕಣಕ್ಕ. ಈಗ ತಾನೆ ಒಣಗೈತೆ."

ನಡುರಾತ್ರಿ ಕಾಗದ ಸರಸರ ಅಂದಿತು.
ಮಾದೇಶ ಶೀಟನ್ನೇ ಕತ್ತಿನವರೆಗೆ ಎಳೆದುಕೊಂಡಿದ್ದ.
ರಗ್ಗು ಕಾಲಡಿ ಬಿದ್ದಿತ್ತು. ಎತ್ತಿ ಅದರ ಮೇಲೆಯೇ ಹೊದಿಸಿದೆ.
ಬೆಳಗ್ಗೆ ನೋಡಿದರೆ ಮೂರನೇ ಫಾರಮಿನ ತುಂಬ
ನನ್ನ ಹೆಬ್ಬೆರಳು ಹಾಕದ ಮಡಿಕೆಗಳು.