ಒಣ ಕಡಲಲ್ಲಿ ನೆನೆದದ್ದು

ಮುಯ್ನಾಕಿನ ದಂಡೆಯಲ್ಲಿ ಈಗ ದಂಡೆ ಮಾತ್ರ ಇದೆ.
ಕಡಲು ನೂರು ಮೈಲಿ ಹಿಂದೆ ಸರಿದು ಕೂತಿದೆ,
ಸಾಲ ಕೊಟ್ಟವನನ್ನು ಕಂಡ ನೆಂಟನ ಹಾಗೆ.
ಮರಳ ಮೇಲೆ ಸಾಲು ಹಡಗು, ತುಕ್ಕು.
ನೆರಳಿರುವಷ್ಟು ಹೊತ್ತು ಹಸುಗಳು ಮಲಗುತ್ತವೆ.

ಅಪ್ಪನ ಹಡಗು ಇವುಗಳಲ್ಲಿ ಯಾವುದು ಅಂತ
ನಮ್ಮಲ್ಲಿ ಒಮ್ಮತವಿಲ್ಲ.
ಅಣ್ಣ ಓತೆಗೆನ್ ಮೂಗು ಮುರಿದದ್ದನ್ನು ತೋರಿಸುತ್ತಾನೆ.
ಅದಲ್ಲ, ಆಚೆಯದು, ನೀಲಿ ಬಣ್ಣದ ಚಕ್ಕೆ
ಇನ್ನೂ ಅಂಟಿದೆ ನೋಡು, ಅನ್ನುತ್ತಾಳೆ ಅಕ್ಕ ಕಲ್ಬಿಕೆ.
ನಾನು ಸುಮ್ಮನಿರುತ್ತೇನೆ. ನನ್ನ ಲೆಕ್ಕದಲ್ಲಿ ಅದನ್ನು
ಗುಜರಿಯವರು ಕತ್ತರಿಸಿ ಒಯ್ದು ಮೂವತ್ತು ವರ್ಷವಾಯಿತು.

ಆದರೆ ಆ ಕೊನೆಯ ದಿನದ ಮಾತು ಬಂದರೆ
ನಾನೂ ಸುಮ್ಮನಿರುವವಳಲ್ಲ.

ಕೊನೆಯ ಬಾರಿ ಬಲೆ ಎಳೆದ ಸಂಜೆ
ಅಪ್ಪ ಒಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು
ಮೊಣಕಾಲುದ್ದ ನೀರಲ್ಲಿ ನಡೆದು ಬಂದ.
ಇಷ್ಟರ ಮಟ್ಟಿಗೆ ಮೂವರದೂ ಒಂದೇ ಮಾತು.
ಆ ಮಗು ನಾನು, ಅನ್ನುತ್ತಾನೆ ಅಣ್ಣ.
ನಾನು, ಅನ್ನುತ್ತಾಳೆ ಅಕ್ಕ, ಕೆಂಪು ರುಮಾಲು
ನೀರಿಗೆ ಬಿತ್ತಲ್ಲ, ಅದಕ್ಕೇ ಅತ್ತೆನಲ್ಲ.
ನಾನು, ಅನ್ನುತ್ತೇನೆ ನಾನು.
ನನ್ನ ಬಳಿ ಸಾಕ್ಷಿ ಇದೆ: ಅಪ್ಪನ ಕಿವಿ.
ಎರಡೂ ಕೈಯಲ್ಲಿ ಎರಡನ್ನೂ ಹಿಡಿದಿದ್ದೆ, ತಣ್ಣಗಿದ್ದವು,
ಎಡಗಿವಿಯ ತುದಿ ಸೀಳಿತ್ತು, ಎಂದೋ ಕೊಕ್ಕೆ ತಾಗಿ.
ಹೆಗಲ ಮೇಲೆ ಕೂರದವಳ ಬೆರಳಿಗೆ
ಆ ಸೀಳು ಹೇಗೆ ಗೊತ್ತು?

ರೊಟ್ಟಿ ಮುಟ್ಟಿ ಆಣೆಯಿಟ್ಟರೆ
ನಮ್ಮಲ್ಲಿ ಸುಳ್ಳಾಡುವಂತಿಲ್ಲ.
ಮೂವರೂ ಮುಟ್ಟಿದ್ದೇವೆ.
ರೊಟ್ಟಿ ಏನೂ ಅನ್ನಲಿಲ್ಲ.
ಸೋದರಳಿಯನ ಮದುವೆಯಲ್ಲಿ ಅಣ್ಣ ಊಟ ಬಿಟ್ಟೆದ್ದ.
ಅಕ್ಕ ನುಕುಸ್‌ನಿಂದ ಫೋನ್ ಮಾಡಿ
ಬರೀ ಉಸಿರು ಕೇಳಿಸಿ ಇಟ್ಟಳು.

ಹೋದ ಚಳಿಗಾಲ ಬಿಬಿಗುಲ್ ಚಿಕ್ಕಮ್ಮ ತೀರಿಕೊಂಡಳು.
ಅವಳ ಪೆಟ್ಟಿಗೆಯಲ್ಲಿ, ಮೀನು ಡಬ್ಬಿ ಕಾರ್ಖಾನೆಯ
ಹಾಜರಿ ಪುಸ್ತಕದೊಳಗೆ ಒಂದು ಪಟ.
ಕಪ್ಪು ಬಿಳುಪು. ಅಂಚಿಗೆಲ್ಲ ಉಪ್ಪು.
ನೀರು ಮೊಣಕಾಲಿಗಿಲ್ಲ, ಹಿಮ್ಮಡಿಗಿದೆ.
ಹೆಗಲ ಮೇಲಿನ ಮಗು ಪಕ್ಕದ ಮನೆಯ ಸಪರ್,
ನಾಯಿಗೆ ಹೆದರುತ್ತಿದ್ದವನು.
ಹೊತ್ತವನು ಅಪ್ಪನಲ್ಲ,
ಇಂಜಿನ್ ಕೋಣೆಯ ಕೊರಿಯಾದವ, ಪಾಕ್ ಮಾಮ.
ಬೆನ್ನಿಗೆ ಚಿಕ್ಕಮ್ಮನ ಓರೆ ಅಕ್ಷರ:
ಬಾಲ್ತಬಾಯ್‌ಗೆ ತೋರಿಸಲು, ಆಸ್ಪತ್ರೆಗೆ.

ಅಣ್ಣ ಕನ್ನಡಕ ಒರೆಸಿದ. ಇದು ಬೇರೆ ದಿನ, ಅಂದ.
ಚಿಕ್ಕಮ್ಮನಿಗೆ ಮೊದಲಿಂದಲೂ ಮರೆವು, ಅಂದಳು ಅಕ್ಕ.
ನಾನು ಪಟವನ್ನು ಕಿಟಕಿಗೆ ಹಿಡಿದು
ಪಾಕ್ ಮಾಮನ ಎಡಗಿವಿ ಹುಡುಕಿದೆ.
ಟೋಪಿ ಇಳಿಸಿದ್ದ.

ಕಣ್ಣಿಗೆ ಕಟ್ಟಿದಂತಿದೆ ಅನ್ನುತ್ತೇವೆ.
ಕಟ್ಟಿದವರು ಯಾರು, ಯಾವ ಗಂಟು, ಕೇಳುವುದಿಲ್ಲ.
ಅಪ್ಪ ಪ್ರತಿ ಚಳಿಗಾಲ ಒಲೆಯ ಮುಂದೆ ಕೂತು
ಬಲೆಯ ಹರಿದ ಕಣ್ಣಿಗೆ ಹೊಸ ದಾರ ಕಟ್ಟುತ್ತಿದ್ದ.
ಹತ್ತು ವರ್ಷಕ್ಕೆ ಹಳೆಯ ಎಳೆ ಒಂದೂ ಉಳಿಯುತ್ತಿರಲಿಲ್ಲ.
ಆದರೂ ಅದು ತಾತನ ಬಲೆಯೇ,
ಮೀನೂ ಬೀಳುತ್ತಿತ್ತು.
(ಒಲೆಯ ಮುಂದೆಯೋ, ಬಾಗಿಲ ಬಳಿಯೋ.
ಈಗ ಇದಕ್ಕೂ ಆಣೆಯಿಡಲಾರೆ.)

ನಿನ್ನೆ ಒಬ್ಬಳೇ ಹಡಗುಗಳನ್ನು ದಾಟಿ
ಕಡಲ ತಳಕ್ಕಿಳಿದೆ. ಉಪ್ಪು ಗಾಳಿ. ಸಕ್ಸೌಲ್ ಪೊದೆ.
ಕಾಲಡಿ ಚಿಪ್ಪು ಪುಡಿಯಾಗುವ ಸದ್ದು.
ಆ ಸಂಜೆಯನ್ನು ನೆನೆದೆ.
ನೆನೆದೆ ಅಂದರೆ, ನಿಜವಾಗಿಯೇ:
ಅಂಗಿಯ ಅಂಚು ಒದ್ದೆಯಾದೀತೆಂದು ಎತ್ತಿ ಹಿಡಿದು
ಎಷ್ಟೋ ದೂರ ನಡೆದೆ,
ಆಮೇಲೆ ಯಾರಾದರೂ ಕಂಡರೇ ಅಂತ ಹಿಂತಿರುಗಿ ನೋಡಿದೆ.

ಅಪ್ಪನ ಕಿವಿ ಸೀಳಿತ್ತೇ ಅಂತ
ಅಣ್ಣನನ್ನು ಇನ್ನೂ ಕೇಳಿಲ್ಲ.
ಕೇಳುವುದೂ ಇಲ್ಲ.