ಕಾಯಿ ಬಿದ್ದ ಮೇಲೆ

ಬಾಳೆಲೆಯಲ್ಲಿ ಕೈಲ್‌ಪೊಳ್ದ್.
ಮೈದಾನದಾಚೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ,
ಕೆಳಗೆ ಕೋವಿ ಹಿಡಿದವರ ಸಾಲು.
ನನ್ನ ಸರದಿ ಹದಿನೇಳನೆಯದು.
ಅಲ್ಲಿಯತನಕ ಮಡಿಲಲ್ಲಿ ಲ್ಯಾಪ್‌ಟಾಪ್:
ಹತ್ತು ಲಕ್ಷ ನ್ಯೂಟ್ರಿನೊಗಳನ್ನು
ಆರ್ಗಾನ್ ಪರಮಾಣುವಿನ ಬೀಜಕ್ಕೆ ಹೊಡೆಯುತ್ತಿದ್ದೇನೆ,
ಲೆಕ್ಕದಲ್ಲಿ.

ನಿಜದ ನ್ಯೂಟ್ರಿನೊ ಹಾಗೆಲ್ಲ ತಾಗುವುದಿಲ್ಲ.
ಮೊಣ್ಣಪ್ಪ ಮಾವ ಒಮ್ಮೆ ಕೆಮ್ಮುವಷ್ಟರಲ್ಲಿ
ಅವರ ಕುಪ್ಯದೊಳಗಿಂದ, ಪೀಚೆಕತ್ತಿಯ ಬೆಳ್ಳಿಯೊಳಗಿಂದ
ಕೋಟಿ ಕೋಟಿ ದಾಟಿಹೋದವು,
ಚೇಲೆಯ ಗಂಟು ಸಡಿಲಿಸದೆ.

ಯಾವಾಗಲೋ ಒಂದು ತಾಗುತ್ತದೆ.
ಆಗ ಒಳಗೇನಾಯಿತೆಂದು ಬರೆಯುವುದು ನನ್ನ ಕೆಲಸ.
ಒಳಗೆ ನಲವತ್ತು ಜನ, ಯಾರೂ ಸುಮ್ಮನೆ ನಿಂತವರಲ್ಲ.
ಪೆಟ್ಟು ತಿಂದವನು ಹಾರಿ ಕೂರಲು ಹೋದರೆ
ಆ ಸೀಟಿಗೆ ಆಗಲೇ ಯಾರೋ ಕಿಟಕಿಯಿಂದ ಟವೆಲ್ ಎಸೆದಿದ್ದಾರೆ,
ಗೋಣಿಕೊಪ್ಪದ ಬಸ್ಸಿನ ಹಾಗೆ.
ಜಾಗವಿಲ್ಲದಿದ್ದರೆ ಪೆಟ್ಟೇ ಬಿದ್ದಿಲ್ಲ,
ಅಲ್ಲಿಯ ಕಾನೂನು ಅದು.

ಜಾಗ ಸಿಕ್ಕರೆ, ಕೆಲವೊಮ್ಮೆ, ಒಂದು ಪಯಾನ್ ಹುಟ್ಟುತ್ತದೆ.
ಹುಟ್ಟಿದ್ದೆಲ್ಲ ಹೊರಗೆ ಬರುವುದಿಲ್ಲ.
ಹೊಸ್ತಿಲ ತನಕ ಬಂದು ಇಬ್ಬರ ನಡುವೆ ಕರಗಬಹುದು,
ಇಲ್ಲವೇ ಚಾರ್ಜು ಕಳಚಿಟ್ಟು
ಬೇರೆ ಯಾರೋ ಆಗಿ ಹೊರಡಬಹುದು.
ಹೊರಗಿನ ತಂತಿಗಳಿಗೆ ಸಿಕ್ಕಿದ್ದು
ಮ್ಯುಯಾನಿನ ಒಂದು ಉದ್ದ ಗೆರೆ, ಪ್ರೋಟಾನಿನ ಒಂದು ಮೋಟು ಗೆರೆ.
ಇಷ್ಟರಿಂದಲೇ
ಹುಟ್ಟಿಯೂ ಬಾರದ್ದನ್ನು ಎಣಿಸಬೇಕು.

ಎಣಿಸಿದೆ.
ಪ್ರಯೋಗದವರು ಅಳೆದ ಚುಕ್ಕಿಗಳು ಮೇಲೆ,
ನನ್ನ ಗೆರೆ ಕೆಳಗೆ, ನಡುವೆ ಒಂದು ಬೆರಳು ಗಾಳಿ.
ಒಳಗಿನವರು ಎಷ್ಟು ನುಂಗುತ್ತಾರೆಂಬುದಕ್ಕೆ ಒಂದು ಸಂಖ್ಯೆ ಇದೆ.
ಯಾರಿಗೂ ಸರಿಯಾಗಿ ಗೊತ್ತಿಲ್ಲದ ಸಂಖ್ಯೆ.
ಚೂರು ಇಳಿಸಿದೆ.
ಗೆರೆ ಎದ್ದು ಹೋಗಿ ಚುಕ್ಕಿಗಳಿಗೆ ಒರಗಿ ಕೂತಿತು.
ಎಷ್ಟು ಚಂದ!

ಅಷ್ಟರಲ್ಲಿ ಢಮ್ಮೆಂದಿತು.
ಕಾಯಿ ಅಲ್ಲಾಡಿತು, ನಿಂತಿತು, ಯೋಚಿಸಿ ಬಿತ್ತು.
ಹದಿನಾರನೆಯ ಹುಡುಗ ಕುಣಿದ:
ಹಗ್ಗಕ್ಕೇ ಇಟ್ಟಿದ್ದೆ ಗುರಿ, ಹಗ್ಗಕ್ಕೇ!
ಮೊಣ್ಣಪ್ಪ ಮಾವ ನಗಲಿಲ್ಲ.
"ಕಾಯಿ ಬಿದ್ದ ಮೇಲೆ ಗುರಿ ಹೇಳಬೇಡ ಮೋನೆ."
ಹೊಸ ಕಾಯಿ ಕಟ್ಟಲು ಯಾರೋ ಮರ ಹತ್ತಿದರು.

ಅವರು ಇಳಿಯುವಷ್ಟರಲ್ಲಿ
ಸಂಖ್ಯೆಯನ್ನು ಮೊದಲಿದ್ದಲ್ಲಿಗೇ ತಂದೆ.
ಗೆರೆ ಕೆಳಗೆ ಜಾರಿತು.
ಆ ಒಂದು ಬೆರಳಿಗೆ ಕಾರಣ ನನಗೆ ಗೊತ್ತಿಲ್ಲ,
ಎಂದು ಬರೆದು ಮುಚ್ಚಿದೆ.

ಹದಿನೇಳು, ಚೋಂದಮ್ಮ, ಎಂದು ಕೂಗಿದರು.
ಕೋವಿಯನ್ನು ಭುಜಕ್ಕೆ ತಂದು ಎಲ್ಲರಿಗೂ ಕೇಳುವಂತೆ ಹೇಳಿದೆ:
ತೊಟ್ಟಿನ ಕೆಳಗೆ, ಎಡಕ್ಕೆ.

ಕಾಯಿಯಿಂದ ನಾಲ್ಕು ಬೆರಳು ಬಲಕ್ಕೆ
ಒಂದು ಎಲೆ ಹರಿದು
ತಿರುಗುತ್ತ ತಿರುಗುತ್ತ ಇಳಿಯಿತು.
ಎಲ್ಲರೂ ನೋಡಿದರು.